ಮೀಟರು ಮೊದಲು, ತಿರುಪು ಆಮೇಲೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ರಾಯಚೂರಿನಿಂದ ಗಬ್ಬೂರು ಮೇಲೆ ಹಾದು ದೇವದುರ್ಗಕ್ಕೆ ಹೋಗಿದ್ದೆ. ತಹಶೀಲ್ದಾರ್ ಕಚೇರಿಯಲ್ಲಿ ಇಪ್ಪತ್ತು ನಿಮಿಷದ ಕೆಲಸ. ಮುಗಿಸಿ ಬಂದು ಕೀಲಿ ತಿರುವಿದರೆ ಸ್ಟಾರ್ಟರ್ ಗರಗರ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿಟ್ಟು ಬೇವಿನ ಮರದ ಕೆಳಗೆ ಅರ್ಧ ತಾಸು ಕೂತೆ. ಆಮೇಲೆ ಆ್ಯಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಪ್ರಯತ್ನಿಸಿದಾಗ ಹಿಡಿಯಿತು. ಹಿಂದೆ ನಿಂತಿದ್ದ ಆಟೋದವನ ಮುಖ ಕಾಣದಷ್ಟು ಕರಿ ಹೊಗೆ. 2002ರ ಪೆಟ್ರೋಲ್ ಕಾರು ಅದು, ಕೆಎ-36 ನಂಬರಿನದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಫಿಟ್‌ನೆಸ್ ಮಾಡಿಸಿ, ನೋಂದಣಿ ನವೀಕರಿಸಿ ಓಡಿಸುತ್ತಿದ್ದೇನೆ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಫ್ಯೂಯಲ್ ಪಂಪು ಹೋಗಿದೆ ಎಂದು ಹೇಳಿ ಹೊಸದು ಹಾಕಿದರು. ಹೊಗೆ ಮಾತ್ರ ಹಾಗೇ ಉಳಿಯಿತು. ಮುಂದಿನ ವಾರ ಮಾನ್ವಿಗೆ ಹೋದಾಗ ಅಲ್ಲಿನ ಒಬ್ಬ ಹಿರಿಯ ಮಿಸ್ತ್ರಿಯವರು ಬಾನೆಟ್ ಎತ್ತಿ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ ತುದಿಯಲ್ಲಿ ಕೂತಿದ್ದ ಡಬ್ಬಿಯಂಥ ಒಂದು ಭಾಗದ ತಲೆಯಿಂದ ಸಣ್ಣ ರಬ್ಬರ್ ಪೈಪೊಂದನ್ನು ಕಿತ್ತು ನನ್ನ ಕಡೆ ಹಿಡಿದರು. "ಇಲ್ಲಿ ಬೆರಳು ಹಚ್ಚಿ ನೋಡ್ರಿ ಸರ್." ಬೆರಳಿಗೆ ಪೆಟ್ರೋಲ್ ತಾಗಿತು. "ಇದರಾಗ ಬರೇ ಗಾಳಿ ಇರಬೇಕ್ರಿ. ಒಳಗಿನ ಪೊರೆ ಹರದದ. ಪಂಪಿಗೆ ಏನೂ ಆಗಿದ್ದಿಲ್ಲ."

ಕೆಟ್ಟದ್ದು ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್. ಅಸಲಿ ಭಾಗ ರಾಯಚೂರಿನ ಅಂಗಡಿಗಳಲ್ಲಿ ಸಿಗಲಿಲ್ಲ. ನಮ್ಮ ಭಾಗದ ರೂಢಿಯಂತೆ ಹೈದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆ ಎರಡೂ ಕಡೆ ಕೇಳಿಸಿದೆ. ಅಸಲಿ ಬರುವುದು ನಿಂತಿದೆ, ಅದರ ಬದಲು ಅಡ್ಜಸ್ಟಬಲ್ ರೆಗ್ಯುಲೇಟರ್ ಹಾಕಿಸಿ ಎಂದರು. ಮೇಲೊಂದು ಸ್ಕ್ರೂ, ಪಕ್ಕದಲ್ಲೊಂದು ಪುಟ್ಟ ಮೀಟರು. ಒತ್ತಡವನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು. ಪಿಕಪ್ಪೂ ಬರುತ್ತದೆ ಎಂಬುದು ಅದರ ಜೊತೆ ಸೇರಿ ಬಂದ ಮಾತು.

ಈ "ಬೇಕಾದಂತೆ" ಎಂಬ ಮಾತೇ ನನ್ನ ತಕರಾರಿನ ಮೂಲ. ಹಳೆಯ ಕಾರಿನವರು ಅಡ್ಜಸ್ಟಬಲ್ ರೆಗ್ಯುಲೇಟರ್ ಹಾಕಿಸಲೇಬಾರದು ಎನ್ನುವವನಲ್ಲ ನಾನು. ಕೆಲವು ಸಲ ಅದೇ ಸರಿಯಾದ ದಾರಿ. ಆದರೆ ಅದರ ಬೆಲೆ ಇರುವುದು ಒಂದೇ ಒತ್ತಡದಲ್ಲಿ, ಆ ಗಾಡಿ ತಯಾರಾದಾಗ ಕಂಪನಿ ನಿಗದಿ ಮಾಡಿದ ಒತ್ತಡದಲ್ಲಿ, ಅಲುಗಾಡದೆ ನಿಲ್ಲಬಲ್ಲ ಗುಣದಲ್ಲಿ. ತಿರುಗುವ ಗುಣವನ್ನು ನೋಡಿ ಅದನ್ನು ಕೊಳ್ಳುವವರು ತಪ್ಪು ಕಾರಣಕ್ಕೆ ಕೊಳ್ಳುತ್ತಾರೆ, ಮತ್ತು ಆ ತಪ್ಪಿನ ಬೆಲೆಯನ್ನು ತಿಂಗಳುಗಟ್ಟಲೆ ಪೆಟ್ರೋಲ್ ಬಂಕಿನಲ್ಲಿ ಕಟ್ಟುತ್ತಾರೆ. ನಾನು ಕಟ್ಟಿದ್ದೇನೆ.

ಈ ಭಾಗ ಕೆಲಸ ಮಾಡುವ ರೀತಿಯನ್ನು ನಮ್ಮ ಜಿಲ್ಲೆಯವರಿಗೆ ವಿವರಿಸುವುದು ಕಷ್ಟವಲ್ಲ, ಕೆರೆಯ ಕೋಡಿ ಎಲ್ಲರೂ ಕಂಡದ್ದೇ. ಕೆರೆಗೆ ಎಷ್ಟೇ ನೀರು ಬರಲಿ, ಕೋಡಿಯ ಮಟ್ಟ ಮುಟ್ಟಿದ ಮೇಲೆ ಹೆಚ್ಚಾದದ್ದು ಹೊರಗೆ ಹರಿಯುತ್ತದೆ, ಕೆರೆಯ ಮಟ್ಟ ಅಲ್ಲಿಗೇ ನಿಲ್ಲುತ್ತದೆ. ಪಂಪು ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಸದಾ ಮುಂದಕ್ಕೆ ತಳ್ಳುತ್ತಿರುತ್ತದೆ. ರೆಗ್ಯುಲೇಟರಿನ ಒಳಗೆ ಒಂದು ರಬ್ಬರ್ ಪೊರೆ, ಅದರ ಬೆನ್ನಿಗೆ ಒಂದು ಸ್ಪ್ರಿಂಗು. ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದೊಡನೆ ಪೊರೆ ಹಿಂದೆ ಸರಿದು ದಾರಿ ಬಿಡುತ್ತದೆ, ಹೆಚ್ಚಾದ ಪೆಟ್ರೋಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ಸು. ಸ್ಕ್ರೂ ಬಿಗಿ ಮಾಡುವುದೆಂದರೆ ಕೋಡಿಯ ಮೇಲೆ ಇನ್ನೊಂದು ಸಾಲು ಕಲ್ಲು ಇಟ್ಟಂತೆ. ಕೆರೆಗೆ ಬರುವ ನೀರೇ ಕಡಿಮೆ ಇದ್ದರೆ ಕೋಡಿ ಎತ್ತರಿಸಿ ಏನು ಬಂತು? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಮಾನ್ವಿ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನಿಂದಲೇ ನೀರು ಬರದಿದ್ದಾಗ ತಮ್ಮ ತೂಬನ್ನು ಎಷ್ಟು ತೆರೆದರೂ ಗದ್ದೆ ನೆನೆಯುವುದಿಲ್ಲ. ಪಂಪು ಸೋತ ಗಾಡಿಗೂ ಫಿಲ್ಟರ್ ಕಟ್ಟಿದ ಗಾಡಿಗೂ ರೆಗ್ಯುಲೇಟರ್ ಸ್ಕ್ರೂ ಮದ್ದಾಗುವುದಿಲ್ಲ.

ತಲೆಯಿಂದ ಹೋಗುವ ಸಣ್ಣ ರಬ್ಬರ್ ಪೈಪಿನ ಕೆಲಸ ಬೇರೆ. ಎಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡಿನಲ್ಲಿ ಐಡ್ಲಿಂಗ್ ಹೊತ್ತಿಗೆ ನಿರ್ವಾತ ಹೆಚ್ಚು, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬಹುತೇಕ ಇಲ್ಲ. ಇಂಜೆಕ್ಟರಿನ ಮೂತಿ ಇರುವುದು ಆ ನಿರ್ವಾತದ ಕಡೆಗೆ. ಹಿಂದಿನ ಒತ್ತಡ ಒಂದೇ ಸಮನಿದ್ದು ಮುಂದಿನ ಎಳೆತ ಏರಿಳಿದರೆ ಸುರಿಯುವ ಪೆಟ್ರೋಲೂ ಏರಿಳಿಯುತ್ತದೆ. ಹಾಗಾಗದಂತೆ ಆ ಪೈಪು ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನ ಸುದ್ದಿ ಮುಟ್ಟಿಸುತ್ತಿರುತ್ತದೆ. 3 ಬಾರ್ ಒತ್ತಡದ ಗಾಡಿ ಐಡ್ಲಿಂಗ್‌ನಲ್ಲಿ ಸುಮಾರು 2.5 ತೋರಿಸುವುದು ಇದಕ್ಕೇ. ಇದು ತಿಳಿಯದವರು 2.5 ನೋಡಿ ಒತ್ತಡ ಕಡಿಮೆಯಾಗಿದೆ ಎಂದು ಸ್ಕ್ರೂ ಬಿಗಿ ಮಾಡುತ್ತಾರೆ. ನನ್ನ ಗಾಡಿಯಲ್ಲೂ ಇದೇ ತಪ್ಪು ಆಗುವುದರಲ್ಲಿತ್ತು. ಅಸಲಿ ಲೆಕ್ಕ ಸಿಗುವುದು ಆ ಪೈಪನ್ನು ಕಿತ್ತು, ಪೈಪಿನ ಬಾಯಿಗೆ ಬೆಣೆ ಹಾಕಿ, ಆಮೇಲೆ ಓದಿದಾಗ.

ಒತ್ತಡ ಏರಿಸಿದರೆ ಪಿಕಪ್ ಬರುತ್ತದೆ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚೋಣ. ಇಂಜೆಕ್ಟರಿನಿಂದ ಹರಿಯುವ ಪೆಟ್ರೋಲ್ ಒತ್ತಡದ ವರ್ಗಮೂಲದ ಅನುಪಾತದಲ್ಲಿ ಹೆಚ್ಚುತ್ತದೆ. 3 ಬಾರ್ ಇದ್ದದ್ದನ್ನು 4 ಮಾಡಿದರೆ, ಅಂದರೆ ಒತ್ತಡವನ್ನು ಮೂರನೇ ಒಂದರಷ್ಟು ಏರಿಸಿದರೆ, ಹರಿವು ಹೆಚ್ಚುವುದು ಶೇ. 15ರಷ್ಟು ಮಾತ್ರ. ಅಷ್ಟು ಪೆಟ್ರೋಲ್ ಹೆಚ್ಚು ಬಂದರೂ ಗಾಳಿ ಇದ್ದಷ್ಟೇ ಇದೆ. ಬೆಂಕಿಗೆ ಎರಡೂ ಬೇಕು. ಗಾಳಿ ಹೆಚ್ಚಿಸದೆ ಪೆಟ್ರೋಲ್ ಹೆಚ್ಚಿಸಿದ ಎಂಜಿನ್ ಒಂದು ಮಿತಿಯ ಆಚೆ ಬರೀ ಹೊಗೆ ಕೊಡುತ್ತದೆ. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಗೆ ಅಂಟಿದ ಎಣ್ಣೆಯನ್ನು ತೊಳೆಯುತ್ತದೆ, ಆಯಿಲ್‌ಗೆ ಇಳಿದು ಅದನ್ನು ನೀರಾಗಿಸುತ್ತದೆ, ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸುತ್ತದೆ.

ಇದರ ಮೇಲೆ ಗಾಡಿಯಲ್ಲೊಂದು ಕಂಪ್ಯೂಟರ್ ಇದೆ. ಸುಪ್ರೀಂ ಕೋರ್ಟ್ 1999ರ ಏಪ್ರಿಲ್‌ನಲ್ಲಿ ದಿಲ್ಲಿ ಪ್ರದೇಶಕ್ಕೆ ಹೊಗೆಗೆ ಮಿತಿ ಹಾಕುವ ಯೂರೋ ನಿಯಮಗಳನ್ನು ಬೇಗ ಜಾರಿಗೆ ತರಬೇಕೆಂದು ಆದೇಶಿಸಿತು. ಆಮೇಲಿನ ಒಂದೆರಡು ವರ್ಷಗಳಲ್ಲೇ ನಮ್ಮ ಸಾಮಾನ್ಯ ಕಾರುಗಳು ಕಾರ್ಬ್ಯುರೇಟರ್ ಬಿಟ್ಟು ಎಂಪಿಎಫ್ಐಗೆ, ಅಂದರೆ ಸಿಲಿಂಡರಿಗೊಂದು ಇಂಜೆಕ್ಟರ್ ಇದ್ದು ಕಂಪ್ಯೂಟರ್ ಅವನ್ನು ನಡೆಸುವ ಏರ್ಪಾಟಿಗೆ ಬಂದವು. ಹ್ಯುಂಡೈ ಸ್ಯಾಂಟ್ರೋದಂಥವು 1998ರಲ್ಲೇ ಹಾಗೆ ಬಂದಿದ್ದವು. ಇವುಗಳಲ್ಲಿ ಆಕ್ಸಿಜನ್ ಸೆನ್ಸರ್ ಇರುವ ಗಾಡಿಗಳು ಹೊಗೆಯ ವಾಸನೆ ಹಿಡಿದು ನೋಡುತ್ತ, ಪೆಟ್ರೋಲ್ ಹೆಚ್ಚಾದರೆ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ತಾವೇ ಕಡಿಮೆ ಮಾಡುತ್ತವೆ. ನೀವು ಸ್ಕ್ರೂ ತಿರುಗಿಸಿ ಕೊಟ್ಟದ್ದನ್ನು ಕಂಪ್ಯೂಟರ್ ಸಾಧಾರಣ ಓಟದಲ್ಲಿ ವಾಪಸ್ಸು ಕಿತ್ತುಕೊಳ್ಳುತ್ತದೆ. ಅದು ಸೆನ್ಸರ್ ಕಡೆ ನೋಡದ ಹೊತ್ತು ಎರಡು: ಎಂಜಿನ್ ತಣ್ಣಗಿರುವಾಗ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಎರಡೂ ಹೊತ್ತಿನಲ್ಲಿ ಕಂಪನಿಯ ಲೆಕ್ಕದಲ್ಲೇ ಪೆಟ್ರೋಲ್ ಸ್ವಲ್ಪ ಧಾರಾಳವಾಗಿರುತ್ತದೆ. ಅದರ ಮೇಲೆ ನಮ್ಮದೂ ಸೇರಿದರೆ ಅತಿಯಾಗುತ್ತದೆ.

ನಮ್ಮ ಮಿಸ್ತ್ರಿಗಳ ಕಿವಿಯ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಅಂಬಾಸಿಡರ್, ಫಿಯೆಟ್ ಕಾಲದವರು ಕಾರ್ಬ್ಯುರೇಟರಿನ ಸ್ಕ್ರೂ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಕಣ್ಣು ಮುಚ್ಚಿ, ಎಂಜಿನ್ ಹಾಡುವುದನ್ನು ಕೇಳಿ ಕೂಡಿಸುತ್ತಿದ್ದರು. ಆ ವಿದ್ಯೆ ಸುಳ್ಳಲ್ಲ. ಅಲ್ಲಿ ಸ್ಕ್ರೂವಿಗೂ ಸದ್ದಿಗೂ ನಡುವೆ ಯಾರೂ ಇರಲಿಲ್ಲ. ಕಾಲು ಸುತ್ತು ತಿರುಗಿಸಿದರೆ ಎಂಜಿನ್ ಆ ಕ್ಷಣವೇ ನಿಜ ಹೇಳುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಕಂಪ್ಯೂಟರ್ ನಡುವೆ ಕೂತಿದೆ. ತಪ್ಪು ಒತ್ತಡವನ್ನು ಅದು ಮುಚ್ಚಿ ಹಾಕುತ್ತದೆ, ಐಡ್ಲಿಂಗ್ ನಯವಾಗಿಯೇ ಕೇಳುತ್ತದೆ. ಕಿವಿ ಇಲ್ಲಿ ಸೋಲುವುದಕ್ಕೆ ಕಿವಿಯ ದೋಷ ಕಾರಣವಲ್ಲ, ಅದಕ್ಕೆ ಕೇಳಬೇಕಾದ ಸದ್ದೇ ಬರುತ್ತಿಲ್ಲ. ಗಾಡಿಯ ಕಂಪ್ಯೂಟರನ್ನು ಸ್ಕ್ಯಾನರಿನಿಂದ ಓದಲು ಬರುವ ಓಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾದದ್ದು 2013ರಲ್ಲಿ. ಅದಕ್ಕಿಂತ ಹಿಂದಿನ ಎಷ್ಟೋ ಗಾಡಿಗಳಿಗೆ ಸಾಮಾನ್ಯ ಸ್ಕ್ಯಾನರ್ ಚುಚ್ಚಿ ಒಳಗಿನ ಲೆಕ್ಕ ನೋಡಲೂ ಬರುವುದಿಲ್ಲ. ಉಳಿಯುವ ಕಣ್ಣು ಒಂದೇ, ಒತ್ತಡ ಅಳೆಯುವ ಮೀಟರು.

ಆ ಮೀಟರೂ ಸುಳ್ಳು ಹೇಳಬಹುದು ಎಂಬುದನ್ನು ನಾನು ಕಲಿತದ್ದು ಹೀಗೆ. ಬೇರೆ ದಾರಿಯಿಲ್ಲದೆ ನಾನು ಹೈದರಾಬಾದಿನಿಂದ ತರಿಸಿದ ಅಡ್ಜಸ್ಟಬಲ್ ರೆಗ್ಯುಲೇಟರಿನ ಪಕ್ಕದಲ್ಲಿ ದ್ರವ ತುಂಬಿದ ಪುಟ್ಟ ಮೀಟರ್ ಇತ್ತು. ಪಂಕ್ಚರ್ ಅಂಗಡಿಯಲ್ಲಿ ಟೈರಿನ ಹವಾ ಹೇಳುವಂತೆ ಅದೂ ಪೌಂಡಿನಲ್ಲಿ ತೋರಿಸುತ್ತದೆ. ನನ್ನ ಗಾಡಿಗೆ ಬೇಕಾದ 3 ಬಾರ್ ಅಂದರೆ 43.5 ಪೌಂಡು. ಎಂಜಿನ್ ಚೆನ್ನಾಗಿ ಕಾದಿದ್ದಾಗ 44ಕ್ಕೆ ಕೂಡಿಸಿದೆವು. ಗಾಡಿ ಚುರುಕಾದಂತೆ ಅನಿಸಿತು, ಹರಿದ ಪೊರೆ ಹೋಗಿ ಹೊಸದು ಬಂದಾಗ ಹಾಗನಿಸದೆ ಇರುತ್ತದೆಯೇ? ಎರಡು ತಿಂಗಳು ಕಳೆದರೂ ಮೈಲೇಜು ಹಳೆಯ ಮಟ್ಟಕ್ಕೆ ಬರಲಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಸಿ ಪೆಟ್ರೋಲಿನ ವಾಸನೆ. ಮಾನ್ವಿಯ ಮಿಸ್ತ್ರಿಯವರು ಕೊನೆಗೆ ಪರಿಚಯದವರಿಂದ ಒಂದು ಒಳ್ಳೆಯ ಮೀಟರು ತಂದು, ಉದ್ದನೆಯ ಪೈಪಿನಿಂದ ಎಂಜಿನ್ನಿನ ಬಿಸಿಯಿಂದ ದೂರ ಇಟ್ಟು ನೋಡಿದರು. 50 ಪೌಂಡು. ದ್ರವ ತುಂಬಿದ ಮುಚ್ಚಿದ ಮೀಟರು ಕಾದಾಗ ಒಳಗಿನ ದ್ರವ ಹಿಗ್ಗಿ, ಒಳಗೆ ಒತ್ತಡ ಹುಟ್ಟಿ, ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಾನೆಟ್ ಕೆಳಗೆ ಅದು ಕಾಯದೆ ಇರುವ ಹೊತ್ತೇ ಇಲ್ಲ. ಕರಿ ಹೊಗೆಯ ದಿನಗಳಲ್ಲಿ ಮಸಿ ಹಿಡಿದಿದ್ದ ಆಕ್ಸಿಜನ್ ಸೆನ್ಸರ್‌ಗೂ ಹೆಚ್ಚಾದ ಪೆಟ್ರೋಲನ್ನು ಹಿಡಿದು ನಿಲ್ಲಿಸುವ ಶಕ್ತಿ ಉಳಿದಿರಲಿಲ್ಲ. ಅದನ್ನೂ ಬದಲಿಸಿ, ಒತ್ತಡ ಇಳಿಸಿದ ಮೇಲೆ ವಾಸನೆ ಹೋಯಿತು.

ಈಚೆಗೆ ಅಡ್ಜಸ್ಟಬಲ್ ರೆಗ್ಯುಲೇಟರ್ ಪರವಾಗಿ ಕೇಳಿಬರುವ ಗಟ್ಟಿ ವಾದ ಎಥನಾಲಿನದು. ಇದನ್ನು ಹಗುರವಾಗಿ ತೆಗೆದುಹಾಕಲು ಬರುವುದಿಲ್ಲ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಶುದ್ಧ ಪೆಟ್ರೋಲಿನ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಸುಮಾರು ಶೇ. 8ರಷ್ಟು ಹೆಚ್ಚು ಸುರಿಯಬೇಕು. ವರ್ಗಮೂಲದ ಲೆಕ್ಕ ಹಾಕಿದರೆ 3 ಬಾರ್ ಇದ್ದಲ್ಲಿ 3.5 ಮಾಡಿದಾಗ ಸರಿಯಾಗಿ ಶೇ. 8 ಹೆಚ್ಚುತ್ತದೆ. ಕಾಗದದ ಮೇಲೆ ಸ್ಕ್ರೂ ತಿರುಗಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ.

ಆದರೂ ನಾನು ಒಪ್ಪುವುದಿಲ್ಲ. ಸೆನ್ಸರ್ ಸರಿಯಿರುವ ಗಾಡಿಯಲ್ಲಿ ಆ ಶೇ. 8 ತುಂಬಿಕೊಡುವ ಕೆಲಸ ಕಂಪ್ಯೂಟರಿನದು, ಅದರ ಕೈಗೆ ಎಟುಕುವ ಅಂತರವೇ ಅದು. ಸೆನ್ಸರ್ ಸತ್ತಿದ್ದರೆ ಸೆನ್ಸರ್ ಬದಲಿಸಬೇಕು. ಪೂರ್ತಿ ವೇಗದಲ್ಲಿ ಮಿಶ್ರಣ ತುಸು ತೆಳುವಾಗುವುದು ನಿಜ, ಕಂಪನಿ ಅಲ್ಲಿ ಇಟ್ಟಿರುವ ಧಾರಾಳ ಅದನ್ನು ಬಹುಮಟ್ಟಿಗೆ ನುಂಗುತ್ತದೆ. ಎಥನಾಲ್ ಹಳೆಯ ಗಾಡಿಗೆ ಮಾಡುವ ದೊಡ್ಡ ಕೇಡು ರಬ್ಬರಿನ ಕಡೆಯಿಂದ ಬರುತ್ತದೆ. ಹಳೆಯ ಪೈಪು, ವಾಷರು, ಪೊರೆಗಳಲ್ಲಿನ ನೈಟ್ರೈಲ್ ಜಾತಿಯ ರಬ್ಬರು ಎಥನಾಲಿನಲ್ಲಿ ನೆನೆದು ಉಬ್ಬಿ, ಒಣಗಿದಾಗ ಬಿರುಸಾಗಿ ಸೀಳುತ್ತದೆ. ಹಾಗಾಗಿ ಅಂಗಡಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಪೊರೆಯದು. ಅದು ವೈಟಾನ್ ಎಂದು ಕರೆಯುವ ಫ್ಲೋರೋ ರಬ್ಬರಿನದೇ, ಎಥನಾಲಿಗೆ ತಾಳುತ್ತದೆಂದು ತಯಾರಕರು ಬರೆದುಕೊಟ್ಟಿದ್ದಾರೆಯೇ? ಉತ್ತರ ಇಲ್ಲದಿದ್ದರೆ ಸ್ಕ್ರೂ ಎಷ್ಟು ಚೆಂದ ಇದ್ದರೂ ಆ ವಸ್ತು ಬೇಡ. ಇದೇ ಕಾರಣಕ್ಕೆ ಗುಜರಿಯಲ್ಲಿ ಬಿಚ್ಚಿದ ಇಪ್ಪತ್ತು ವರ್ಷದ ಹಳೆಯ ಅಸಲಿ ರೆಗ್ಯುಲೇಟರನ್ನೂ ನಾನು ಒಲ್ಲೆ.

ಹಾಗಾದರೆ ಯಾರು ಕೊಳ್ಳಬೇಕು? ನಿಮ್ಮ ಗಾಡಿಯ ಅಸಲಿ ಭಾಗ ಸಿಗುವಂತಿದ್ದರೆ ಅದನ್ನೇ ಹಾಕಿಸಿ, ವಿಷಯ ಅಲ್ಲಿಗೆ ಮುಗಿಯಿತು. ಸಿಗದಿದ್ದರೆ ಇನ್ನೊಂದು ದಾರಿ ನೋಡಿ: ಬೇರೆ ಬೇರೆ ಕಂಪನಿಯ ಗಾಡಿಗಳು ಒಂದೇ ಆಕಾರದ ರೆಗ್ಯುಲೇಟರ್ ಬಳಸಿವೆ, ಕೆಲವದರ ಮೈಮೇಲೇ ಒತ್ತಡ ಕೆತ್ತಿರುತ್ತದೆ. 2.5, 3, 3.5 ಹೀಗೆ. ಒತ್ತಡ, ಅಳತೆ ಎರಡೂ ಹೊಂದುವ ಹೊಸದೊಂದು ಸಿಕ್ಕರೆ ಸ್ಕ್ರೂವಿನ ತಾಪತ್ರಯವೇ ಇಲ್ಲ. ಅದೂ ಸಿಗದಾಗ ಅಡ್ಜಸ್ಟಬಲ್ ಬರಲಿ. ದೊಡ್ಡ ಇಂಜೆಕ್ಟರ್ ಹಾಕಿ, ಕಂಪ್ಯೂಟರ್ ಲೆಕ್ಕವನ್ನೇ ಬದಲಿಸಿ ರೇಸಿಗೆ ಇಳಿಯುವವರ ವಿಚಾರ ಬೇರೆ, ಅವರ ಬಳಿ ಅಳೆಯುವ ಸಲಕರಣೆ ಇರುತ್ತದೆ.

ಆರಿಸುವಾಗ ಮೊದಲು ನಿಮ್ಮ ಗಾಡಿಯ ಟ್ಯಾಂಕಿಗೆ ರಿಟರ್ನ್ ಪೈಪ್ ಇದೆಯೇ ನೋಡಿಕೊಳ್ಳಿ. ಈಚಿನ ಬಹಳ ಗಾಡಿಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ, ಮುಂದಕ್ಕೆ ಬರುವುದು ಒಂದೇ ಪೆಟ್ರೋಲ್ ಪೈಪು. ಅಂಥ ಗಾಡಿಗೆ ಬಾನೆಟ್ ಕೆಳಗೆ ಇದನ್ನು ಕೂಡಿಸಲು ಹೊಸದಾಗಿ ರಿಟರ್ನ್ ಎಳೆಯಬೇಕು. ಅಷ್ಟು ಕೆಲಸದ ಬದಲು ಟ್ಯಾಂಕಿನೊಳಗಿನದ್ದನ್ನೇ ಬದಲಿಸುವುದು ಮೇಲು. ಕಾರ್ಬ್ಯುರೇಟರ್ ಗಾಡಿಗಳಿಗೆಂದು ಮಾಡಿದ ಕಡಿಮೆ ಒತ್ತಡದ ರೆಗ್ಯುಲೇಟರುಗಳೂ ಅದೇ ಕಪಾಟಿನಲ್ಲಿ ಕೂತಿರುತ್ತವೆ. ಅವು 1 ಬಾರ್ ಕೂಡ ಮುಟ್ಟುವುದಿಲ್ಲ, ನಮಗೆ ಬೇಡ. ನಿಮಗೆ ಬೇಕಾದ ಒತ್ತಡ ರೆಗ್ಯುಲೇಟರಿನ ವ್ಯಾಪ್ತಿಯ ನಡುವೆ ಬೀಳಬೇಕು. ತುದಿಯಲ್ಲಿ ಬಿದ್ದರೆ ಸ್ಪ್ರಿಂಗು ಸಡಿಲಾಗಿಯೋ ಬಿಗಿದುಕೊಂಡೋ ಇದ್ದು ಒತ್ತಡ ನಿಲ್ಲುವುದಿಲ್ಲ. ವ್ಯಾಕ್ಯೂಮ್ ಪೈಪಿಗೆ ಮೂತಿ ಇರಬೇಕು, ಮ್ಯಾನಿಫೋಲ್ಡಿನ ಏರಿಳಿತಕ್ಕೆ ಸರಿಸಮನಾಗಿ ಸ್ಪಂದಿಸುವ ಜಾತಿಯಾಗಿರಬೇಕು. ಒಂದಕ್ಕೆ ಹಲವು ಪಟ್ಟು ಒತ್ತಡ ಏರಿಸುವ ಟರ್ಬೊ ಜಾತಿಯದು ಸಾದಾ ಗಾಡಿಗೆ ಸಲ್ಲದು. ರಿಟರ್ನ್ ಮೂತಿ ಹಳೆಯದಕ್ಕಿಂತ ಕಿರಿದಾಗಿದ್ದರೆ ಪೆಟ್ರೋಲ್ ಹಿಂದೆ ಹೋಗಲಾರದೆ ಒತ್ತಡ ತಾನೇ ಏರಿ ನಿಲ್ಲುತ್ತದೆ, ಆಗ ಸ್ಕ್ರೂ ಪೂರ್ತಿ ಬಿಚ್ಚಿದರೂ ಇಳಿಯುವುದಿಲ್ಲ.

ನಮ್ಮ ಬಿಸಿಲಿಗೆ ಮುಖ್ಯವಾದ ಗುಣವೊಂದಿದೆ, ಅದನ್ನು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಎಂಜಿನ್ ಆರಿಸಿದ ಮೇಲೆ ಒತ್ತಡ ಹಿಡಿದಿಡುವ ಗುಣ. ಒತ್ತಡದಲ್ಲಿರುವ ಪೆಟ್ರೋಲ್ ಬೇಗ ಕುದಿಯುವುದಿಲ್ಲ. ಗಾಡಿ ನಿಲ್ಲಿಸಿದೊಡನೆ ರೆಗ್ಯುಲೇಟರ್ ಸೋರಿ ಒತ್ತಡ ಇಳಿದರೆ, ಕಾದ ಎಂಜಿನ್ ಮೇಲಿನ ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗಿ, ಚಹಾ ಕುಡಿದು ಬರುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗದು. ಅಗ್ಗದ ಅಡ್ಜಸ್ಟಬಲ್‌ಗಳಲ್ಲಿ ಈ ದೋಷ ಸಾಮಾನ್ಯ. ಮಲೆನಾಡಿನಲ್ಲಿ ಅದು ಗೊತ್ತೇ ಆಗದಿರಬಹುದು, ರಾಯಚೂರಿನ ಮೇ ತಿಂಗಳಲ್ಲಿ ದಿನವೂ ಕಾಡುತ್ತದೆ. ಕೊಂಡ ಅಂಗಡಿಯಲ್ಲಿ ವಾಪಸ್ಸು ತೆಗೆದುಕೊಳ್ಳುತ್ತೇವೆ ಎಂಬ ಮಾತು ಪಡೆದು, ಎಂಜಿನ್ ಆರಿಸಿ ಹತ್ತು ನಿಮಿಷ ಮೀಟರು ನೋಡುತ್ತ ಕೂರಬೇಕು. ಮುಳ್ಳು ಸರ್ರನೆ ಸೊನ್ನೆಗೆ ಬಂದರೆ ರಿಟರ್ನಿನ ರಬ್ಬರ್ ಭಾಗವನ್ನು ಒತ್ತಿ ಹಿಡಿದು ಮತ್ತೆ ನೋಡಬೇಕು. ಆಗ ಒತ್ತಡ ನಿಂತರೆ ದೋಷ ರೆಗ್ಯುಲೇಟರಿನದು. ನಿಲ್ಲದಿದ್ದರೆ ಪಂಪಿನ ವಾಲ್ವ್ ಇಲ್ಲವೇ ಇಂಜೆಕ್ಟರ್ ಸೋರುತ್ತಿದೆ.

ಪೈಪಿನ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಬಗ್ಗಬೇಡಿ. ಬೈಕಿಗೆ ಹಾಕುವ ಪಾರದರ್ಶಕ ಪೆಟ್ರೋಲ್ ಪೈಪನ್ನು 3 ಬಾರ್ ಒತ್ತಡಕ್ಕೆ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಕೆಂಪಗೆ ಕಾದ ಎಕ್ಸಾಸ್ಟ್, ಮೇಲೆ ಪಿಚಕಾರಿಯಂತೆ ಚಿಮ್ಮಲು ಕಾದಿರುವ ಪೆಟ್ರೋಲ್. ಇಂಜೆಕ್ಷನ್ ಗಾಡಿಗೆ ಆರ್9 ಎಂದು ಅಚ್ಚಾದ ಪೈಪು, ಅದಕ್ಕೆ ತಕ್ಕ ಕ್ಲಿಪ್ಪೇ ಬೇಕು. ಆರ್7 ಕಾರ್ಬ್ಯುರೇಟರ್ ಒತ್ತಡದ್ದು. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನೇ ಆರುವವರೆಗೆ ಓಡಿಸಿ, ಒತ್ತಡ ಇಳಿಸಬೇಕು. ಬೀಡಿ ಹಚ್ಚಿದವರನ್ನು ದೂರ ಕಳಿಸಬೇಕು.

ಹಳೆಯ ಗಾಡಿಗೆ ಇಷ್ಟೆಲ್ಲ ಏಕೆ, ಮಾರಿ ಹೊಸದು ತಗೊಳ್ಳಿ ಎನ್ನುವವರಿದ್ದಾರೆ. ಮಾರಿದ ಗಾಡಿ ಮಾಯವಾಗುವುದಿಲ್ಲ. ರಾಯಚೂರಿನಲ್ಲಿ ಮಾರಿದ್ದು ದೇವದುರ್ಗದ ಹಳ್ಳಿಯೊಂದರಲ್ಲಿ ಮೇಷ್ಟ್ರ ಮನೆ ಮುಂದೆ ಇರುತ್ತದೆ, ಮಾನ್ವಿಯ ಭತ್ತದ ರೈತ ತನ್ನ ತಾಯಿಯನ್ನು ಆಸ್ಪತ್ರೆಗೆ ಕರೆತರಲು ಅದನ್ನೇ ನಂಬಿರುತ್ತಾನೆ. ಈ ಗಾಡಿಗಳನ್ನು ಸರಿಯಾಗಿ ಇಟ್ಟುಕೊಳ್ಳುವ ವಿದ್ಯೆ ತಾಲ್ಲೂಕಿನ ಗ್ಯಾರೇಜುಗಳಲ್ಲೇ ಬೆಳೆಯಬೇಕು. ಅದಕ್ಕೆ ಬೇಕಾದದ್ದು ದೊಡ್ಡ ಬಂಡವಾಳವೂ ಅಲ್ಲ. ಬಿಸಿಯಿಂದ ದೂರ ಹಿಡಿದು ನೋಡಬಹುದಾದ ಉದ್ದ ಪೈಪಿನ, ದ್ರವವಿಲ್ಲದ ಒಂದು ಒಳ್ಳೆಯ ಒತ್ತಡದ ಮೀಟರು, ಅದನ್ನು ಬೇರೆ ಬೇರೆ ಗಾಡಿಗಳಿಗೆ ಜೋಡಿಸುವ ಟಿ ಆಕಾರದ ನಾಲ್ಕಾರು ಮೂತಿಗಳು. ಒಂದು ಸಲ ಸುಮ್ಮನೆ ಪಂಪು ಬದಲಿಸಿದ ಖರ್ಚಿನಲ್ಲಿ ಇವು ಬಂದುಬಿಡುತ್ತವೆ. ಒಬ್ಬೊಬ್ಬರೇ ಕೊಳ್ಳಲಾಗದಿದ್ದರೆ ಊರಿನ ನಾಲ್ಕು ಗ್ಯಾರೇಜಿನವರು ಕೂಡಿ ಒಂದನ್ನು ಇಟ್ಟುಕೊಳ್ಳಲಿ.

ನನ್ನ ಗಾಡಿಗೆ ಆ ದಿನ ಮಾನ್ವಿಯಲ್ಲಿ ವ್ಯಾಕ್ಯೂಮ್ ಪೈಪ್ ಕಿತ್ತು, ಬೆಣೆ ಹಾಕಿ, ಎಂಜಿನ್ ಕಾದ ಮೇಲೆ 43.5ಕ್ಕೆ ತಂದು ನಿಲ್ಲಿಸಿದೆವು. ಪೈಪ್ ಮತ್ತೆ ಚುಚ್ಚಿದಾಗ ಮುಳ್ಳು 36ಕ್ಕೆ ಇಳಿಯಿತು. ಎಂಜಿನ್ ಆರಿಸಿ ಚಹಾ ತರಿಸಿ ಕುಡಿದೆವು. ಹತ್ತು ನಿಮಿಷಕ್ಕೆ ಮುಳ್ಳು ಒಂದೆರಡು ಗೆರೆಯಷ್ಟು ಕೆಳಗೆ ಸರಿದಿತ್ತು, ಅಷ್ಟೇ. ಮಿಸ್ತ್ರಿಯವರು ಲಾಕ್ ನಟ್ ಬಿಗಿ ಮಾಡಿ, ಪಕ್ಕದ ಮೀಟರನ್ನು ಬಿಚ್ಚಿ ಆ ತೂತಿಗೆ ಬೋಲ್ಟ್ ಹಾಕಿದರು. ನಟ್ಟಿಗೂ ಮೈಗೂ ಅಡ್ಡಲಾಗಿ ಬಿಳಿ ಪೇಂಟಿನ ಒಂದು ಗೆರೆ ಎಳೆದರು. "ಇನ್ನ ಯಾರಾದ್ರೂ ಇದನ್ನ ತಿರುವಿದ್ರ ಗೆರಿ ತಪ್ಪತದ್ರಿ ಸರ್. ಆಗ ನಮಗ ಗೊತ್ತಾಗ್ತದ."